ಒಂದೇ ಕೊಬ್ಬರಿ, ಎರಡು ತಕ್ಕಡಿ

ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಎಂಬ ಗಾದೆ ಕನ್ನಡ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಕದ್ದದ್ದು ಎಷ್ಟು ಎಂಬುದಲ್ಲ, ಕದ್ದದ್ದೇ ತಪ್ಪು ಎಂಬುದು ಅದರ ನೀತಿ. ಆದರೆ ಸರ್ಕಾರ ನಡೆಸುವವರಿಗೆ ಗಾದೆಯೊಂದೇ ಸಾಲದು, ತಕ್ಕಡಿಯೂ ಬೇಕು. ಬೊಕ್ಕಸಕ್ಕೆ ಸೇರಬೇಕಾದ ಹಣವನ್ನು ಸೇರಿಸದೆ ಉಳಿಸಿಕೊಳ್ಳುವವರು ಒಂದು ಕಡೆ. ಬೊಕ್ಕಸದಿಂದ ತಮಗೆ ಸಲ್ಲದ ಹಣವನ್ನು ಪಡೆಯುವವರು ಇನ್ನೊಂದು ಕಡೆ. ಮೊದಲನೆಯದು ತೆರಿಗೆ ವಂಚನೆ, ಎರಡನೆಯದು ಸವಲತ್ತಿನ ದುರುಪಯೋಗ. ಖಾಲಿಯಾಗುವ ಬೊಕ್ಕಸ ಮಾತ್ರ ಒಂದೇ. ಇವೆರಡರಲ್ಲಿ ಯಾವುದರ ಹಿಂದೆ ಸರ್ಕಾರ ಮೊದಲು ಓಡುತ್ತದೆ, ಯಾರನ್ನು ಹಿಡಿದು ನಿಲ್ಲಿಸುತ್ತದೆ, ಯಾರೊಡನೆ ಕುಳಿತು ಮಾತನಾಡುತ್ತದೆ?

ಈ ಪ್ರಶ್ನೆಗೆ ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಷ್ಟು ಚೆನ್ನಾಗಿ ಉತ್ತರ ಹೇಳುವ ಜಾಗ ಅಪರೂಪ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆರಿಗೆಯ ಕಥೆಯೂ ಸವಲತ್ತಿನ ಕಥೆಯೂ ಕಳೆದ ಇನ್ನೂರು ವರ್ಷಗಳಿಂದ ಅಕ್ಕಪಕ್ಕದಲ್ಲೇ ನಡೆದು ಬಂದಿವೆ. 2024ರಲ್ಲಂತೂ ಎರಡೂ ಒಂದೇ ಕೊಬ್ಬರಿ ಚೀಲದಲ್ಲಿ ಸೇರಿಕೊಂಡವು.

ಅಟ್ಟದ ಮೇಲಿನ ಲೆಕ್ಕ

ಈ ಸೀಮೆಯ ಕೊಬ್ಬರಿ ಉಂಡೆ ಕೊಬ್ಬರಿ. ಕೇರಳದಲ್ಲಿ ಕಾಯಿಯನ್ನು ಒಡೆದು ಒಣಗಿಸಿ ಗಾಣಕ್ಕೆ ಕಳಿಸುವುದು ವಾಡಿಕೆ. ಇಲ್ಲಿ ಸಿಪ್ಪೆ ಸಹಿತವಾದ ಕಾಯಿಯನ್ನು ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗುಂಡಾಗಿ ನಿಲ್ಲುತ್ತದೆ. ಆಮೇಲೆ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಉಂಡೆಯನ್ನು ಆರಿಸಿ ಚೀಲ ತುಂಬಬೇಕು. ಚಿಪ್ಪು ಒಡೆಯುವ ಕೆಲಸದಲ್ಲಿ ಹೆಚ್ಚಾಗಿ ಕೂಲಿ ಹೆಂಗಸರೇ ಇರುತ್ತಾರೆ. ಹೀಗೆ ತಯಾರಾದ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಬಂದು, ಅಲ್ಲಿಂದ ಉತ್ತರ ಭಾರತದ ಮದುವೆ ಮನೆ, ಮಿಠಾಯಿ ಅಂಗಡಿ ಮತ್ತು ಪೂಜೆಯ ತಟ್ಟೆಗಳಿಗೆ ಹೋಗುತ್ತದೆ.

ಸರ್ಕಾರದ ಕಣ್ಣಿನಿಂದ ನೋಡಿದರೆ ಈ ಪದ್ಧತಿಯಲ್ಲಿ ಒಂದು ತೊಡಕಿದೆ. ಭತ್ತವಾದರೆ ಕೊಯ್ಲಿನ ಕಾಲಕ್ಕೆ ಕಣದಲ್ಲಿ ಕಾಣುತ್ತದೆ. ಕೊಬ್ಬರಿ ಹಾಗಲ್ಲ. ಯಾರ ಅಟ್ಟದಲ್ಲಿ ಎಷ್ಟಿದೆ ಎಂಬುದು ಆ ಮನೆಯವರಿಗೆ ಮಾತ್ರ ಗೊತ್ತು. ಅದು ಮಾರುಕಟ್ಟೆಯ ಯಾರ್ಡಿನಲ್ಲಿ ತಕ್ಕಡಿಗೆ ಏರಿದಾಗ ಮಾತ್ರ ಸರ್ಕಾರದ ಲೆಕ್ಕಕ್ಕೆ ಬರುತ್ತದೆ. ಏರದೆ ಹೋದರೆ ಲೆಕ್ಕವೂ ಇಲ್ಲ, ತೆರಿಗೆಯೂ ಇಲ್ಲ.

ಕ್ಷೌರಕ್ಕೂ ಕಂದಾಯ, ಇನಾಮಿಗೆ ರಿಯಾಯಿತಿ

1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಭಾಗದ ತೆಂಗಿನ ತೋಟಗಳನ್ನೂ ದೊರೆಗುಡ್ಡದ ಕಬ್ಬಿಣದ ಅದಿರನ್ನೂ ತನ್ನ ವರದಿಯಲ್ಲಿ ಬರೆದಿಟ್ಟಿದ್ದಾನೆ. ತೆಂಗು ಮತ್ತು ಅದಿರು, ಎರಡೂ ಮುಂದೆ ಈ ಕಥೆಯಲ್ಲಿ ಮತ್ತೆ ಬರುತ್ತವೆ.

ಆ ಕಾಲದ ತೆರಿಗೆ ಪದ್ಧತಿ ಹೇಗಿತ್ತೆಂಬುದಕ್ಕೆ ಮಾರ್ಕ್ ಕಬ್ಬನ್ ಆಡಳಿತದ ದಾಖಲೆಗಳೇ ಸಾಕ್ಷಿ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಕಬ್ಬನ್ ತೆಗೆದುಹಾಕಿದ ಚಿಲ್ಲರೆ ತೆರಿಗೆಗಳ ಸಂಖ್ಯೆ 769 ಎಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ. ಹಿಂದೆಂದೋ ಪಾಳೇಗಾರನ ಕಳೆದುಹೋದ ಕುದುರೆಯನ್ನು ಹುಡುಕಿಕೊಡಲಿಲ್ಲವೆಂದು ಒಂದು ಊರಿನವರು ತಲೆಮಾರುಗಳ ಕಾಲ ದಂಡ ಕಟ್ಟುತ್ತಿದ್ದರಂತೆ. ಇವುಗಳಿಂದ ಬರುತ್ತಿದ್ದ ಹಣ ಅಲ್ಪ, ಕಾಟ ಅಪಾರ. ಆದರೂ ಇಂಥವು ಉಳಿದುಬಂದದ್ದಕ್ಕೆ ಕಾರಣ ಸರಳ. ಮಗು ಹುಟ್ಟಿದ ಮನೆ ಎಲ್ಲರಿಗೂ ಕಾಣುತ್ತದೆ, ಅಲ್ಲಿ ವಸೂಲಿ ಸುಲಭ.

ಇದೇ ಶತಮಾನದಲ್ಲಿ ಇನ್ನೊಂದು ಬಗೆಯ ಸೋರಿಕೆಯೂ ಇತ್ತು. ಕಂದಾಯ ಕೊಡದೆ, ಅಥವಾ ಕಡಿಮೆ ಕೊಟ್ಟು, ಭೂಮಿ ಅನುಭವಿಸುತ್ತಿದ್ದ ಇನಾಮುದಾರರ ಹಕ್ಕುಗಳೆಲ್ಲ ನಿಜವೇ ಎಂಬ ಅನುಮಾನ ಬಂದು, ಬೌರಿಂಗ್ ಕಮಿಷನರ್ ಆಗಿದ್ದ 1860ರ ದಶಕದಲ್ಲಿ ಇನಾಮು ಆಯೋಗ ನೇಮಕವಾಯಿತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಅನರ್ಹ ಫಲಾನುಭವಿಗಳ ಪತ್ತೆ ಕಾರ್ಯ. ಆದರೆ ಇಲ್ಲಿ ಫಲಾನುಭವಿಗಳು ಬಡವರಾಗಿರಲಿಲ್ಲ. ಹಾಗಾಗಿ ದಾರಿಯೂ ಬೇರೆಯಾಯಿತು. ಹಕ್ಕು ಸ್ಪಷ್ಟವಿಲ್ಲದ ಎಷ್ಟೋ ಇನಾಮುಗಳನ್ನು ಕಿತ್ತುಕೊಳ್ಳುವ ಬದಲು, ಪೂರ್ಣ ಕಂದಾಯದ ಒಂದು ಭಾಗವನ್ನು ‘ಜೋಡಿ’ ಎಂದು ಗೊತ್ತುಮಾಡಿ ಖಾಯಂ ಮಾಡಿಕೊಡಲಾಯಿತು. ದೊಡ್ಡವರೊಡನೆ ರಾಜಿ ಎಂಬ ಪದ್ಧತಿ ಹೊಸದಲ್ಲ.

ಯಾರ್ಡಿನ ಒಳಗೆ, ಹೊರಗೆ

ಮೈಸೂರು ಸಂಸ್ಥಾನ 1939ರಲ್ಲಿ ಕೃಷಿ ಮಾರುಕಟ್ಟೆ ಕಾಯ್ದೆ ತಂದಿತು. ಅದರಡಿ 1948ರಲ್ಲಿ ತಿಪಟೂರಿನಲ್ಲಿ ನಿಯಂತ್ರಿತ ಮಾರುಕಟ್ಟೆ ಆರಂಭವಾಯಿತು. ಉದ್ದೇಶ ರೈತನ ರಕ್ಷಣೆ. ತೂಕದಲ್ಲಿ ಮೋಸ, ಮನಬಂದಂತೆ ಕಮಿಷನ್, ಬಟ್ಟೆಯ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದು, ಇವನ್ನೆಲ್ಲ ತಪ್ಪಿಸಬೇಕಿತ್ತು. 1966ರ ಕಾಯ್ದೆ ಮಾರುಕಟ್ಟೆ ಶುಲ್ಕವನ್ನು, ಅಂದರೆ ಜನರ ಬಾಯಲ್ಲಿ ‘ಸೆಸ್’ ಎನಿಸಿಕೊಂಡದ್ದನ್ನು, ಕೊಳ್ಳುವವನೇ ಕೊಡಬೇಕೆಂದು ವಿಧಿಸಿತು. ಇದರ ಜೊತೆಗೆ ಮಾರಾಟ ತೆರಿಗೆ ಬಂತು. 1957ರ ಮಾರಾಟ ತೆರಿಗೆ ಕಾಯ್ದೆಯ ಜಾಗಕ್ಕೆ 2005ರಲ್ಲಿ ವ್ಯಾಟ್, 2017ರ ಜುಲೈ 1ರಿಂದ ಜಿಎಸ್‌ಟಿ.

ಸೆಸ್ ಮತ್ತು ತೆರಿಗೆ ಎರಡನ್ನೂ ತಪ್ಪಿಸಿ ನಡೆಯುವ ವ್ಯವಹಾರಕ್ಕೆ ಪೇಟೆಯಲ್ಲಿ ‘ಜೀರೋ ವ್ಯಾಪಾರ’ ಎಂಬ ಹೆಸರಿದೆ. ಬಿಲ್ಲಿಲ್ಲ, ಲೆಕ್ಕವಿಲ್ಲ, ರೊಕ್ಕ ಮಾತ್ರ. ಇದರ ಆಸೆ ಎಷ್ಟು ದೊಡ್ಡದು ಎಂಬುದನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. ಕ್ವಿಂಟಲ್‌ಗೆ 12,000 ರೂಪಾಯಿ ದರದಲ್ಲಿ 100 ಕ್ವಿಂಟಲ್ ಕೊಬ್ಬರಿ ತುಂಬಿದ ಲಾರಿಯ ಬೆಲೆ 12 ಲಕ್ಷ ರೂಪಾಯಿ. ನೂರು ರೂಪಾಯಿಗೆ 60 ಪೈಸೆಯಂತೆ ಮಾರುಕಟ್ಟೆ ಶುಲ್ಕ 7,200 ರೂಪಾಯಿ. ಶೇ. 5ರಂತೆ ಜಿಎಸ್‌ಟಿ 60,000 ರೂಪಾಯಿ. ತೆಂಗಿನಕಾಯಿಗೆ ಜಿಎಸ್‌ಟಿ ಇಲ್ಲ, ಕೊಬ್ಬರಿಗೆ ಉಂಟು. ಒಂದು ಲಾರಿ ಲೆಕ್ಕಕ್ಕೆ ಸಿಗದೆ ಊರು ದಾಟಿದರೆ ಉಳಿಯುವ ಹಣ ಒಬ್ಬ ಕೂಲಿ ಹೆಂಗಸಿನ ಹಲವು ತಿಂಗಳ ದುಡಿಮೆಗೆ ಸಮ.

ಹಿಂದೆ ಇಂಥ ಲಾರಿಗಳನ್ನು ಹಿಡಿಯಲು ತನಿಖಾ ಠಾಣೆಗಳಿದ್ದವು. ಜಿಎಸ್‌ಟಿ ಬಂದಾಗ ವಾಣಿಜ್ಯ ತೆರಿಗೆಯ ಠಾಣೆಗಳು ಮುಚ್ಚಿದವು, 2018ರ ಏಪ್ರಿಲ್‌ನಿಂದ ಇ-ವೇ ಬಿಲ್ ಬಂತು. 2020ರ ತಿದ್ದುಪಡಿ ಮಾರುಕಟ್ಟೆ ಸಮಿತಿಗಳ ಅಧಿಕಾರವನ್ನು ಯಾರ್ಡಿನ ಗೋಡೆಯೊಳಕ್ಕೆ ಸೀಮಿತಗೊಳಿಸಿತು. ಗೋಡೆಯ ಹೊರಗೆ ನಡೆದ ವ್ಯಾಪಾರಕ್ಕೆ ಸೆಸ್ ಇಲ್ಲ ಎಂದಾದಾಗ, ಹಿಂದೆ ವಂಚನೆ ಎನಿಸಿಕೊಂಡಿದ್ದರ ಒಂದು ಭಾಗ ಕಾನೂನಿನಲ್ಲೇ ವಂಚನೆಯಲ್ಲದ್ದಾಯಿತು. ಇದು ರೈತನಿಗೆ ಸ್ವಾತಂತ್ರ್ಯ ಎಂದು ಒಂದು ವಾದ, ವರ್ತಕನಿಗೆ ರಿಯಾಯಿತಿ ಎಂದು ಇನ್ನೊಂದು ವಾದ.

ಹಸಿರು ಕಾರ್ಡಿನಿಂದ ಹೆಬ್ಬೆಟ್ಟಿನವರೆಗೆ

ಸವಲತ್ತಿನ ಕಡೆಯ ಕಥೆ ಬೇರೆ ರೀತಿ ಸಾಗಿತು. 1985ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಬಡ ಕುಟುಂಬಗಳಿಗೆ ಹಸಿರು ಕಾರ್ಡ್ ಕೊಟ್ಟು ಅಗ್ಗದ ಅಕ್ಕಿ ಕೊಡಲಾರಂಭಿಸಿತು. 1997ರಲ್ಲಿ ದೇಶದಾದ್ಯಂತ ಬಡತನದ ರೇಖೆಯ ಮೇಲೆ, ಕೆಳಗೆ ಎಂಬ ವಿಂಗಡಣೆ ಬಂತು. 2013ರ ಜುಲೈನಲ್ಲಿ ಅನ್ನಭಾಗ್ಯ ಬಂತು. ಈ ನಡುವೆ ರಾಜ್ಯದಲ್ಲಿ ಕುಟುಂಬಗಳ ಸಂಖ್ಯೆಗಿಂತ ಪಡಿತರ ಚೀಟಿಗಳ ಸಂಖ್ಯೆಯೇ ಹೆಚ್ಚು ಎಂಬುದು ಬೆಳಕಿಗೆ ಬಂದಿತ್ತು. ಇಲ್ಲದ ಹೆಸರಿನ ಚೀಟಿ, ಒಂದೇ ಮನೆಗೆ ಎರಡು ಮೂರು ಚೀಟಿ, ಕಾರು ಇಟ್ಟವರ ಕೈಯಲ್ಲೂ ಬಡವರ ಚೀಟಿ. ಸವಲತ್ತಿನ ದುರುಪಯೋಗ ಕಟ್ಟುಕಥೆಯಲ್ಲ. ಅದರಿಂದ ಮೊದಲು ನಷ್ಟವಾಗುವುದು ನಿಜವಾದ ಬಡವರಿಗೇ.

ಹೀಗಾಗಿ ಜರಡಿ ಹಿಡಿಯುವ ಕೆಲಸ ಆರಂಭವಾಯಿತು. 2010-11ರ ಸುಮಾರಿನಲ್ಲಿ ಪಡಿತರ ಚೀಟಿಗೆ ವಿದ್ಯುತ್ ಮೀಟರಿನ ಆರ್‌ಆರ್ ನಂಬರ್ ಜೋಡಿಸಬೇಕೆಂದು ಆದೇಶವಾಯಿತು. ಒಂದು ಮೀಟರಿಗೆ ಒಂದು ಮನೆ ಎಂಬುದು ಲೆಕ್ಕಾಚಾರ. ಬೋಗಸ್ ಚೀಟಿಗಳು ಸಿಕ್ಕಿಬಿದ್ದದ್ದು ನಿಜ. ಆದರೆ ಮೀಟರೇ ಇಲ್ಲದ ಗುಡಿಸಲಿನವರು, ಅಣ್ಣತಮ್ಮಂದಿರು ಒಂದೇ ಮೀಟರಿನಲ್ಲಿ ಬೇರೆ ಒಲೆ ಹೂಡಿದ ಮನೆಯವರು ಪರದಾಡಬೇಕಾಯಿತು. ಆಮೇಲೆ ಆಧಾರ್, ಆಮೇಲೆ ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು. ವರ್ಷಗಟ್ಟಲೆ ಚಿಪ್ಪು ಒಡೆದು ಬೆರಳಿನ ಗೆರೆ ಸವೆದ ಕೈಯನ್ನು ಯಂತ್ರ ಒಂದೇ ಸಲಕ್ಕೆ ಗುರುತಿಸುತ್ತದೆಂಬ ಖಾತ್ರಿಯಿಲ್ಲ.

2024ರ ನವೆಂಬರ್‌ನಲ್ಲಿ ಈ ಜರಡಿ ದೊಡ್ಡ ಸುದ್ದಿಯಾಯಿತು. ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಿದವರು, ಆದಾಯ ತೆರಿಗೆ ಕಟ್ಟುವವರು ಮೊದಲಾದವರ ಬಿಪಿಎಲ್ ಕಾರ್ಡ್ ರದ್ದಾಗುತ್ತಿದೆ ಎಂದು ರಾಜ್ಯದಾದ್ಯಂತ ಗದ್ದಲವೆದ್ದಿತು. ಕೊನೆಗೆ ಸರ್ಕಾರ ಹಿಂದೆ ಸರಿದು, ಆದಾಯ ತೆರಿಗೆ ಪಾವತಿದಾರರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರಿಗೆ ಕಾರ್ಡ್ ಮರಳಿಸುವುದಾಗಿ ಹೇಳಿತು. ಮೊದಲು ರದ್ದು, ಆಮೇಲೆ ವಿಚಾರಣೆ. ಕ್ರಮ ತಿರುಗುಮುರುಗಾಗಿತ್ತು.

ಬೆಟ್ಟ ಕರಗಿದ ಕಾಲ

ಪಡಿತರ ಚೀಟಿಗೆ ಮೀಟರ್ ನಂಬರ್ ಜೋಡಿಸುತ್ತಿದ್ದ ಅದೇ ವರ್ಷಗಳಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೆಟ್ಟಗಳಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದವು. ಬುಕಾನನ್ ಕಂಡ ಅದಿರಿಗೆ ಈಗ ಚೀನಾದ ಬೇಡಿಕೆ ಬಂದಿತ್ತು. 2009ರ ಆಗಸ್ಟ್‌ವರೆಗೆ ಕಬ್ಬಿಣದ ಅದಿರಿಗೆ ರಾಜಧನ ಟನ್ನಿಗೆ ಇಂತಿಷ್ಟು ರೂಪಾಯಿ ಎಂದು ನಿಗದಿಯಾಗಿತ್ತು. ಪೇಟೆಯಲ್ಲಿ ಬೆಲೆ ಸಾವಿರಗಳಲ್ಲಿದ್ದಾಗ ಸರ್ಕಾರಕ್ಕೆ ಬರುತ್ತಿದ್ದುದು ಕೆಲವೇ ಹತ್ತು ರೂಪಾಯಿ. ಬೆಲೆಯ ಶೇ. 10ರಷ್ಟು ರಾಜಧನ ಎಂದಾದದ್ದು ಆಮೇಲೆ. ಆ ಅಲ್ಪ ಮೊತ್ತವನ್ನೂ ತಪ್ಪಿಸಲು ಗುತ್ತಿಗೆಯ ಗಡಿ ಮೀರಿ ಅಗೆಯುವುದು, ಪರವಾನಗಿಗಿಂತ ಹೆಚ್ಚು ತೂಕ ಸಾಗಿಸುವುದು ನಡೆಯಿತು.

2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಕೊಟ್ಟ ವರದಿ ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಇದರಲ್ಲಿ ದೊಡ್ಡ ಪಾಲು ಬಳ್ಳಾರಿಯದು. ಆದರೆ ತುಮಕೂರು, ಚಿತ್ರದುರ್ಗಗಳೂ ಹೊರತಾಗಿರಲಿಲ್ಲ. ಸುಪ್ರೀಂ ಕೋರ್ಟ್ ಆಗಸ್ಟ್ 26ರಂದು ಈ ಎರಡು ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪು ಗಂಭೀರ ಅಕ್ರಮದ ‘ಸಿ’ ವರ್ಗದ ಗಣಿಗಳ ಗುತ್ತಿಗೆ ರದ್ದುಪಡಿಸಿತು. ನಷ್ಟದ ವಸೂಲಿ ಮಾತ್ರ ಅಷ್ಟು ಬೇಗ ಆಗಲಿಲ್ಲ. 2025ರ ಜೂನ್‌ನಲ್ಲಿ ಕಾನೂನು ಸಚಿವ ಎಚ್.ಕೆ. ಪಾಟೀಲ ಅವರೇ ಮುಖ್ಯಮಂತ್ರಿಗೆ ಪತ್ರ ಬರೆದು, ತನಿಖೆಯಾದ ಪ್ರಕರಣಗಳು ತೀರಾ ಕಡಿಮೆ ಎಂದು ನೆನಪಿಸಬೇಕಾಯಿತು. ಹದಿನಾಲ್ಕು ವರ್ಷ ಕಳೆದಿತ್ತು.

ಒಂದೇ ಚೀಲದಲ್ಲಿ ಎರಡೂ

ಇನ್ನು 2024ರ ಕೊಬ್ಬರಿ. 2023ರಲ್ಲಿ ತಿಪಟೂರಿನಲ್ಲಿ ಕೊಬ್ಬರಿ ಬೆಲೆ ಕ್ವಿಂಟಲ್‌ಗೆ ಎಂಟು ಸಾವಿರದ ಆಸುಪಾಸಿಗೆ ಕುಸಿದು ರೈತರು ಬೀದಿಗಿಳಿದಿದ್ದರು. 2024ಕ್ಕೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ರಾಜ್ಯ ಸರ್ಕಾರ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. ನಾಫೆಡ್ ಮೂಲಕ ಕರ್ನಾಟಕದಿಂದ 62,500 ಟನ್ ಖರೀದಿಗೆ ಒಪ್ಪಿಗೆ ಸಿಕ್ಕಿತು.

ಫೆಬ್ರುವರಿಯಲ್ಲಿ ನೋಂದಣಿ ಆರಂಭವಾದ ಕೆಲವೇ ದಿನಗಳಲ್ಲಿ ಮಿತಿ ಮುಗಿಯಿತು. ಸರತಿಯಲ್ಲಿ ನಿಂತ ರೈತರು ಬರಿಗೈಯಲ್ಲಿ ಮರಳಿದರು. ವರ್ತಕರು ರೈತರ ಹೆಸರಿನಲ್ಲಿ ನೋಂದಾಯಿಸಿದ್ದಾರೆ ಎಂಬ ದೂರು ಎದ್ದಿತು. ಕಾರಣ ಊಹಿಸುವುದು ಕಷ್ಟವಲ್ಲ. ಪೇಟೆಯಲ್ಲಿ ಹತ್ತು ಸಾವಿರಕ್ಕೂ ಕೆಳಗಿದ್ದ ಕೊಬ್ಬರಿಗೆ ಖರೀದಿ ಕೇಂದ್ರದಲ್ಲಿ 13,500 ರೂಪಾಯಿ. ಬಿಲ್ಲಿಲ್ಲದೆ ಕೊಂಡ ಮಾಲನ್ನು ಯಾರದೋ ಪಹಣಿಯ ಹೆಸರಿನಲ್ಲಿ ಕೇಂದ್ರಕ್ಕೆ ಹಾಕಿದರೆ ಲಾಭ ಎರಡು ಸಲ: ಕೊಳ್ಳುವಾಗ ಸೆಸ್, ತೆರಿಗೆ ಉಳಿಯಿತು, ಮಾರುವಾಗ ರೈತನಿಗೆ ಸಲ್ಲಬೇಕಾದ ಸಹಾಯಧನ ದಕ್ಕಿತು. ತೆರಿಗೆ ವಂಚನೆ ಮತ್ತು ಸವಲತ್ತಿನ ವಂಚನೆ ಬೇರೆ ಬೇರೆ ಜನರ ಕೆಲಸ ಎಂಬ ನಂಬಿಕೆಯನ್ನೇ ಇದು ಅಲುಗಾಡಿಸುತ್ತದೆ.

ಸರ್ಕಾರ ಹಳೆಯ ನೋಂದಣಿ ರದ್ದುಮಾಡಿ, ಮಾರ್ಚ್ ಆರಂಭದಲ್ಲಿ ಬೆರಳಚ್ಚು ಆಧಾರಿತ ಹೊಸ ನೋಂದಣಿ ನಡೆಸಿತು. ಎಕರೆಗೆ 6 ಕ್ವಿಂಟಲ್ ಮಿತಿಯಿತ್ತು. ಒಬ್ಬ ರೈತನಿಗೆ 20 ಕ್ವಿಂಟಲ್ ಇದ್ದ ಮಿತಿ 15ಕ್ಕೆ ಇಳಿಯಿತು. ರದ್ದು ಮಾಡಿದ್ದು ಸರಿಯೇ. ಇಲ್ಲದಿದ್ದರೆ ಹಣ ಅನರ್ಹರಿಗೆ ಹೋಗುತ್ತಿತ್ತು. ಆದರೆ ಪರಿಹಾರದ ಭಾರ ಯಾರ ಮೇಲೆ ಬಿತ್ತು? ರೈತ ಮತ್ತೆ ಬಂದು ಸರತಿಯಲ್ಲಿ ನಿಲ್ಲಬೇಕಾಯಿತು. ಪಹಣಿ ಇನ್ನೂ ಸತ್ತ ತಂದೆಯ ಹೆಸರಿನಲ್ಲೇ ಇದ್ದು ಪೌತಿ ಖಾತೆ ಆಗದವರಿಗೆ, ಗೇಣಿಗೆ ತೋಟ ಮಾಡುವವರಿಗೆ ಈ ಜರಡಿಯಲ್ಲಿ ಜಾಗವೇ ಇಲ್ಲ. ವರ್ತಕನ ಗೋದಾಮಿನ ದಾಸ್ತಾನನ್ನು ಅವನ ಖರೀದಿ ಬಿಲ್ಲಿಗೆ ಹೋಲಿಸಿ ನೋಡುವುದು ಇನ್ನೊಂದು ದಾರಿ. ಅದರಲ್ಲಿ ಸಾವಿರಾರು ಹೆಬ್ಬೆಟ್ಟು ಬೇಕಿಲ್ಲ, ಕೆಲವೇ ಗೋದಾಮುಗಳ ಬೀಗ ತೆಗೆಸಿದರೆ ಸಾಕು.

ಮೊತ್ತಗಳನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. 62,500 ಟನ್ ಎಂದರೆ 6.25 ಲಕ್ಷ ಕ್ವಿಂಟಲ್. ಬೆಂಬಲ ಬೆಲೆಯಲ್ಲಿ ಅದರ ಪೂರ್ತಿ ಮೌಲ್ಯ 750 ಕೋಟಿ ರೂಪಾಯಿ. ಇದರಲ್ಲಿ ಒಂದು ಉಂಡೆಯೂ ನಿಜವಾದ ರೈತನದಲ್ಲ ಎಂದು ವಾದಕ್ಕೆ ಒಪ್ಪಿಕೊಂಡರೂ, ಲೋಕಾಯುಕ್ತರು ಹೇಳಿದ ಗಣಿ ನಷ್ಟ ಅದರ ಇಪ್ಪತ್ತೊಂದು ಪಟ್ಟು.

ಸಮಾಧಾನ ಯಾರಿಗೆ?

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಇದು ಸಣ್ಣ ರೈತನಿಗೆ ಸಿಕ್ಕ ರಕ್ಷಣೆ. ಆದರೆ ಇದರ ನೆರಳಿನಲ್ಲಿ ಯಾರು ಯಾರು ನಿಂತಿದ್ದಾರೆ ಎಂದು ಮಹಾಲೇಖಪಾಲರು 2019ರ ವರದಿಯಲ್ಲಿ ಪರಿಶೀಲಿಸಿದರು. ನೋಡಿದ ಪ್ರಕರಣಗಳ ಪೈಕಿ ಶೇ. 22.5ರಲ್ಲಿ ಸಾಕಷ್ಟು ದಾಖಲೆ ಪರಿಶೀಲಿಸದೆಯೇ ಇಲಾಖೆ ವಿನಾಯಿತಿ ಒಪ್ಪಿಕೊಂಡಿತ್ತು. ಹತ್ತು ಕಿಲೋ ಅಕ್ಕಿಗೆ ಬೆರಳಚ್ಚು ಬೇಕು, ಲಕ್ಷಗಟ್ಟಲೆ ವಿನಾಯಿತಿಗೆ ಪಹಣಿಯೂ ಬೇಕಾಗಲಿಲ್ಲ.

ತೆರಿಗೆ ಬಾಕಿದಾರರಿಗೆ ಆಗಾಗ ಕ್ಷಮೆಯೂ ಸಿಗುತ್ತದೆ. 1997ರ ಸ್ವಯಂಪ್ರೇರಿತ ಆದಾಯ ಘೋಷಣೆ ಯೋಜನೆಯಲ್ಲಿ ಬಚ್ಚಿಟ್ಟ ಆದಾಯಕ್ಕೆ ಶೇ. 30 ತೆರಿಗೆ ಕಟ್ಟಿದವರಿಗೆ ಬಡ್ಡಿ, ದಂಡ ಇರಲಿಲ್ಲ. ಕರ್ನಾಟಕದಲ್ಲಿ ಇಂಥ ಯೋಜನೆಗೆ ‘ಕರಸಮಾಧಾನ’ ಎಂಬ ಚೆಂದದ ಹೆಸರೇ ಇದೆ. 2017ರಲ್ಲಿ ಮೂಲ ತೆರಿಗೆ ಕಟ್ಟಿದವರಿಗೆ ಬಡ್ಡಿ ಮತ್ತು ದಂಡದ ಶೇ. 90 ಮನ್ನಾ ಆಯಿತು. ಹಳೆಯ ವ್ಯಾಜ್ಯ ಮುಗಿಸಿ ಹಣ ತರುವುದಕ್ಕೆ ಇದು ಉಪಯುಕ್ತವೇ ಇರಬಹುದು. ಆದರೆ ‘ಪಡಿತರ ಸಮಾಧಾನ’ ಎಂಬ ಯೋಜನೆಯನ್ನು ಯಾರೂ ಕೇಳಿಲ್ಲ. ನೂರೈವತ್ತು ವರ್ಷಗಳ ಹಿಂದಿನ ಜೋಡಿ ಇನಾಮಿನ ನೀತಿ ಹೆಸರು ಬದಲಿಸಿಕೊಂಡು ಉಳಿದಿದೆ.

ತೆರಿಗೆಯ ಕಡೆಯಲ್ಲೂ ಮೊದಲು ಕಣ್ಣಿಗೆ ಬೀಳುವವರು ಸಣ್ಣವರೇ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಬೇಕರಿ, ಹಣ್ಣು ತರಕಾರಿ, ಹಾಲಿನ ಅಂಗಡಿಗಳವರಿಗೆ ಜಿಎಸ್‌ಟಿ ನೋಟಿಸ್ ಬಂದಾಗ, ಮೊಬೈಲಿನಲ್ಲಿ ಹಣ ಪಡೆದು ಲೆಕ್ಕ ತೋರಿಸಿದ್ದೇ ಅವರ ತಪ್ಪೆಂಬಂತಾಯಿತು. ವಿರೋಧದ ನಂತರ ಮುಖ್ಯಮಂತ್ರಿ ಹಳೆಯ ಬಾಕಿ ವಸೂಲಿ ಇಲ್ಲವೆಂದರು. ಕೊಬ್ಬರಿ ರೈತನ ಸ್ಥಿತಿಯೂ ಇದೇ. 15 ಕ್ವಿಂಟಲ್ ಖರೀದಿ ಕೇಂದ್ರಕ್ಕೆ ಹಾಕಿದರೆ ಅವನ ಖಾತೆಗೆ 2,02,500 ರೂಪಾಯಿ ಬರುತ್ತದೆ. ಗೊಬ್ಬರ, ಕೂಲಿಯ ಖರ್ಚು ಕಳೆಯದೆ ನೋಡಿದರೆ ಬಿಪಿಎಲ್‌ನ 1.20 ಲಕ್ಷದ ಗೆರೆ ದಾಟಿದಂತೆ. ಜೀರೋ ವ್ಯಾಪಾರ ಮಾಡಿದವನ ಆದಾಯ ಯಾವ ಗೆರೆಯನ್ನೂ ದಾಟುವುದಿಲ್ಲ, ಏಕೆಂದರೆ ಅದು ಎಲ್ಲೂ ಬರೆದಿಲ್ಲ.

ಇದು ನಮ್ಮ ದೇಶದ ಕಾಯಿಲೆ ಮಾತ್ರವಲ್ಲ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನಾ ಭತ್ಯೆ ಪಡೆದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೋಷಕರನ್ನು, ಕಾಗದದಲ್ಲಿನ ಸಣ್ಣ ದೋಷಗಳಿಗೂ, ವಂಚಕರೆಂದು ಬಗೆದು ಪೂರ್ತಿ ಹಣ ಮರಳಿ ಕೇಳಲಾಯಿತು. ಹಾಗೆ ಕೇಳಿದ್ದು ಅಲ್ಲಿನ ತೆರಿಗೆ ಇಲಾಖೆಯೇ. ತಪ್ಪು ಬಯಲಾಗಿ 2021ರ ಜನವರಿಯಲ್ಲಿ ಇಡೀ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು.

2025ರಲ್ಲಿ ತಿಪಟೂರಿನ ಚಿತ್ರ ತಲೆಕೆಳಗಾಯಿತು. ಆ ವರ್ಷದ ಬೆಂಬಲ ಬೆಲೆ 12,100 ರೂಪಾಯಿ. ಪೇಟೆಯ ಬೆಲೆ ಅದರ ದುಪ್ಪಟ್ಟನ್ನೂ ಮೀರಿತು. ಅಂಥ ಪೇಟೆಯಲ್ಲಿ ಖರೀದಿ ಕೇಂದ್ರದ ಮುಂದೆ ನಿಲ್ಲುವ ಅಗತ್ಯ ಯಾರಿಗೂ ಇರುವುದಿಲ್ಲ. ಸುಳ್ಳು ಹೆಸರಿನಲ್ಲಿ ನೋಂದಾಯಿಸುವ ಆಸೆಯೂ ತಾನಾಗಿ ಅಡಗುತ್ತದೆ. ಆದರೆ ಬೆಲೆ ದುಪ್ಪಟ್ಟಾದರೆ ಬಿಲ್ಲಿಲ್ಲದ ಲಾರಿಯೊಂದರಿಂದ ಉಳಿಯುವ ಹಣವೂ ದುಪ್ಪಟ್ಟು. ಬೆಲೆ ಬಿದ್ದ ವರ್ಷ ರೈತನ ಬೆರಳು ನೋಡಿದ ಸರ್ಕಾರ, ಬೆಲೆ ಏರಿದ ವರ್ಷ ಲಾರಿಯ ಬಿಲ್ಲನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿದರೆ, ತಕ್ಕಡಿ ಸರಿಯಿದೆ ಎನ್ನಬಹುದು.